ವಿಭೂತಿ ಹಚ್ಚಿದ ಸೀಡಿ

ನಾನು ನಿಜಗುಣಪ್ಪನವರನ್ನೂ ರಾಚವ್ವನವರನ್ನೂ ಮೊದಲು ನೋಡಿದ್ದು ಹೋದ ವರ್ಷ ಫೆಬ್ರುವರಿಯ ಒಂದು ಗುರುವಾರ, ಬೆಳಿಗ್ಗೆ ಹತ್ತು ಗಂಟೆ ಹತ್ತು ನಿಮಿಷಕ್ಕೆ. ಸಮಯ ಇಷ್ಟು ಸರಿಯಾಗಿ ನೆನಪಿರುವುದಕ್ಕೆ ಕಾರಣವಿದೆ. ಅಂಗಡಿಯ ಗಡಿಯಾರಕ್ಕೆ ಹೊಸ ಸೆಲ್ ಹಾಕಿ, ಮುಳ್ಳು ಸರಿ ಮಾಡಿ, ಆಗತಾನೆ ಸ್ಟೂಲಿನಿಂದ ಕೆಳಗಿಳಿದಿದ್ದೆ. ಬೈಲಹೊಂಗಲದ ಬಸ್ ನಿಲ್ದಾಣದ ಎದುರು, ಒಂದು ಚಹಾದಂಗಡಿಗೂ ಒಂದು ಹಗ್ಗದಂಗಡಿಗೂ ನಡುವೆ ನನ್ನ ಕಂಪ್ಯೂಟರ್ ಅಂಗಡಿ. ಅರ್ಜಿ ತುಂಬುವುದು, ಝೆರಾಕ್ಸ್ ತೆಗೆಯುವುದು, ಹಳೆಯ ಕ್ಯಾಸೆಟ್ಟು ಸೀಡಿಗಳಲ್ಲಿ ಇರುವುದನ್ನು ಮೊಬೈಲಿಗೆ ಹಾಕಿಕೊಡುವುದು ನನ್ನ ಕೆಲಸ. ಈ ಕೊನೆಯ ಕೆಲಸಕ್ಕಾಗಿ ಹಳೆಯ ಡಿಸ್ಕ್ ಮಶೀನೊಂದನ್ನು ಇನ್ನೂ ಎಸೆಯದೆ ಇಟ್ಟುಕೊಂಡಿದ್ದೇನೆ.

ತಮ್ಮೂರು ದೊಡವಾಡದ ಬಸ್ಸಿಳಿದ ಇಬ್ಬರೂ ಜಗಳ ಆಡುತ್ತಲೇ ಮೆಟ್ಟಿಲು ಹತ್ತಿದರು. ಮುಂದೆ ರಾಚವ್ವ, ಇಳಕಲ್ ಸೀರೆ ಉಟ್ಟು, ಎದೆಗೆ ಖಣದ ಬಟ್ಟೆಯ ಗಂಟೊಂದನ್ನು ಅವಚಿಕೊಂಡು. ಅವರ ಹಿಂದೆ ಗಂಡ ನಿಜಗುಣಪ್ಪ, ತಲೆಗೆ ಬಿಳಿ ಪಟಗಾ ಸುತ್ತಿಕೊಂಡು, ಮೆಟ್ಟಿಲಿಗೊಮ್ಮೆ ತಿರುಗಿ ಬಸ್ ನಿಲ್ದಾಣದ ಕಡೆ ನೋಡುತ್ತ.

ನಿಜಗುಣಪ್ಪ: ಏ, ಅದು ಸತ್ತ ಹೋಗೇತಿ ಅಂತ ಎಷ್ಟ ಸಲ ಹೇಳಬೇಕು? ಸತ್ತಿದ್ದನ್ನ ಹೊತಗೊಂಡು ಪ್ಯಾಟಿಗೆ ಬಂದೀಯಲ್ಲ.

ರಾಚವ್ವ: ಸಾಯಾಕ ಅದೇನ ಎಮ್ಮಿ ಏನ್ರಿ? ಹನ್ನೆರಡ ವರ್ಷ ಜಗಲಿ ಮ್ಯಾಲ ದೇವರ ಜೋಡಿ ಕುಂತೈತಿ. ನೀವರ ಒಂದ ತಾಸು ಒಂದ ಕಡೆ ಸುಮ್ನ ಕುಂತೀರೇನು?

ನಿಜಗುಣಪ್ಪ: ಇಂಥಾವು ಇಲ್ಲೆ ನಡಿಯೂದಿಲ್ಲ ಅಂತ ಬೋರ್ಡ್ ಹಾಕ್ಯಾರ, ನೋಡಲ್ಲೆ.

ರಾಚವ್ವ: ಅದು ‘ಇಲ್ಲಿ ಉಗುಳಬೇಡಿ’ ಅಂತ ಐತಿ. ನಾನೂ ನಾಕ ಇಯತ್ತೆ ಸಾಲಿ ಕಲ್ತೇನ್ರಿ.

ನಾನು ಇಬ್ಬರಿಗೂ ಬೆಂಚು ತೋರಿಸಿದೆ. ರಾಚವ್ವ ಕೂರಲಿಲ್ಲ. ಗಂಟನ್ನು ಮೇಜಿನ ಮೇಲಿಟ್ಟು, ಚಪ್ಪಲಿ ಹೊರಗೆ ಬಿಟ್ಟು ಬಂದು, ಬಿಚ್ಚಿದರು. ಒಳಗೆ ಒಂದು ಡಿಸ್ಕ್ ಇತ್ತು. ಅದು ಡಿಸ್ಕ್ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಹೊಳೆಯುವ ಕಡೆ ದಪ್ಪಗೆ ಮೂರು ಅಡ್ಡ ವಿಭೂತಿ. ಸುತ್ತಲೂ ಎಣ್ಣೆ ದೀಪದ ಮಸಿ. ನಡುವಿನ ತೂತಿಗೆ ಒಂದು ಒಣಗಿದ ಚೆಂಡುಹೂವು ಸಿಕ್ಕಿಸಿದ್ದರು.

ನಾನು: ಅವ್ವಾರ, ಇದು ಏನ್ರಿ?

ರಾಚವ್ವ: ನನ್ನ ಮಗಳು ಉಮಾಶ್ರೀ ಮದವಿ, ಯಪ್ಪಾ.

ನಾನು: ಇದರ ಮ್ಯಾಲ ವಿಭೂತಿ ಯಾರ ಹಚ್ಚ್ಯಾರ್ರಿ?

ರಾಚವ್ವ: ನಾನ ಹಚ್ಚೇನಿ. ಸೋಮವಾರಕ್ಕೊಮ್ಮೆ. ಮಂಗಳಕಾರ್ಯ ಒಳಗ ಕುಂತೈತಿ, ಹಂಗ ಬರೇ ಹಣಿಲೆ ಇಡಾಕ ಬರತೈತೇನು?

ನಾನು: ಹಚ್ಚೂದಿದ್ರ ಈಚಿ ಕಡೆ ಹಚ್ಚಬೇಕಿತ್ರಿ. ಹೊಳಿಯೂ ಕಡೆ ಏನೂ ಹಚ್ಚಬಾರದು.

ರಾಚವ್ವ: ಹೊಳಿಯೂದು ಮಾರಿ. ಆಚಿ ಕಡೆದು ಬೆನ್ನು. ನಿಮ್ಮೂರಾಗ ವಿಭೂತಿ ಬೆನ್ನಿಗೆ ಹಚಗೋತಾರೇನು?

ನಾನು: ಇಲ್ರಿ. ಆದ್ರ ಮಶೀನಿನ ಒಳಗ ಒಂದ ಸಣ್ಣ ಬೆಳಕ ಇರತೈತಿ. ಅದು ಹೊಳಿಯೂ ಕಡೆ ಬಿದ್ದು, ಬರದದ್ದನ್ನ ಓದತೈತಿ. ಹೊಳಿಯೂದು ಅಂದ್ರ ಅದರ ಕಣ್ಣು ಅಂತ ತಿಳೀರಿ. ಕಣ್ಣಿಗೆ ವಿಭೂತಿ ಬಿದ್ದೈತಿ.

ರಾಚವ್ವ: ವಿಭೂತಿ ಬಿದ್ರ ಕಣ್ಣು ಚುರುಕ ಆಗತಾವ. ನಮ್ಮತ್ತಿ ತೊಂಬತ್ತರ ಮ್ಯಾಲೂ ಸೂಜಿಗೆ ದಾರ ಏರಸತಿದ್ಲು.

ನಿಜಗುಣಪ್ಪ: ಸರ್ ಏನ ಹೇಳಿದ್ರು ಕೇಳಿದೀ? ಕಣ್ಣು ಹೋಗೇತಿ. ಆತು, ಮುಗೀತು. ಸರ, ನೀವೊಂದ ಕೆಲಸ ಮಾಡ್ರಿ. ‘ಈ ಸೀಡಿ ಪೂರಾ ಕೆಟ್ಟ ಹೋಗೇತಿ, ಯಾವ ಮಶೀನಿಗೂ ನಡಿಯೂದಿಲ್ಲ’ ಅಂತ ಒಂದ ಕಾಗದದ ಮ್ಯಾಲ ಬರದು, ಅಂಗಡಿ ಶಿಕ್ಕಾ ಒತ್ತಿ ಕೊಟ್ಟ ಬಿಡ್ರಿ.

ಹದಿನೈದು ವರ್ಷದಲ್ಲಿ ಜಾತಿ, ಆದಾಯ, ವಾಸಸ್ಥಳ ಎಲ್ಲದರ ಪ್ರಮಾಣಪತ್ರಕ್ಕೂ ಅರ್ಜಿ ತುಂಬಿದ್ದೇನೆ. ಡಿಸ್ಕಿನ ಮರಣಪತ್ರ ಕೇಳಿದವರು ಇವರೊಬ್ಬರೇ.

ನಾನು: ಕಾಕಾರ, ಹಚ್ಚಿ ನೋಡದ ಬರದ ಕೊಡಾಕ ಬರೂದಿಲ್ರಿ. ಅದು ಸುಳ್ಳಾಗತೈತಿ.

ನಿಜಗುಣಪ್ಪ: ಸುಳ್ಳ ಹೆಂಗ ಆಗತೈತಿ? ಕಣ್ಣಿಗೆ ಕಾಣಾಕ ಹತ್ತೈತಲ್ಲ!

ನಾನು: ಮದವಿ ನೋಡಬೇಕಂದ್ರ ಬೀಗರ ಕಡೆ ಒಂದ ಪ್ರತಿ ಇರಬೇಕಲ್ರಿ?

ರಾಚವ್ವ: ಇತ್ತು. ಅವರು ಅದನ್ನ ಜ್ವಾಳದ ಹೊಲಕ್ಕ ಒಯ್ದು ಕೋಲಿಗೆ ಕಟ್ಟ್ಯಾರ, ಹಕ್ಕಿ ಬೆದರಲಿ ಅಂತ. ನನ್ನ ಮಗಳ ಮದವಿ ಬಿಸಲಾಗ ಗರಾ ಗರಾ ತಿರಗಾಕ ಹತ್ತೈತಿ. ಗಿಣಿ ಮಾತ್ರ ಬರತಾವ.

ನಾನು: ಈಗ ಇಷ್ಟ ಅವಸರದಾಗ ಯಾಕ ನೋಡಬೇಕ್ರಿ ಅವ್ವಾರ?

ರಾಚವ್ವ ಈಗ ಕುಳಿತರು. ನಿಜಗುಣಪ್ಪ ಎದ್ದು ನಿಂತರು.

ರಾಚವ್ವ: ಇವತ್ತಿಗೆ ಹತ್ತನೇ ದಿನಕ್ಕ ನನ್ನ ಮಗ ಸಂಜುನ ಮದವಿ ಐತಿ, ಯಪ್ಪಾ. ಬಾಸಿಂಗ ಕಟ್ಟಬೇಕಾದಾವ ಸ್ವಾದರಮಾವ. ನನಗಿರೂದು ಒಬ್ಬನ ತಮ್ಮ, ಮಾಂತೇಶ. ರಾಮದುರ್ಗದಾಚೆ ತೊರಗಲ್ಲಾಗ ಇರತಾನ. ಅವ ಹನ್ನೆರಡ ವರ್ಷ ಆತು, ನಮ್ಮ ಹೊಸ್ತಲಾ ದಾಟಿಲ್ಲ.

ನಾನು: ಯಾಕ್ರಿ?

ರಾಚವ್ವ: ಉಮಾಶ್ರೀ ಮದವ್ಯಾಗ ಅವಗ ಮಾನದ ಆಯೇರಿ ಪಟಗಾ ಸುತ್ತಲಿಲ್ಲಂತ! ಸ್ವಾದರಮಾವ ಬರೇ ತಲೀಲೆ ತಿರುಗಿ ಬಂದ ಅಂತ ತೊರಗಲ್ಲಾಗ ಮಂದಿ ನಕ್ಕರಂತ. ಇವರನ್ನ ಕೇಳಿದ್ರ, ಸುತ್ತೇನಿ ಅಂತಾರ.

ನಿಜಗುಣಪ್ಪ: ಸುತ್ತೇನಿ ಅಂದ್ರ ಸುತ್ತೇನಿ.

ರಾಚವ್ವ: ನನ್ನ ಗಂಡ ಸುಳ್ಳ ಹೇಳೂದಿಲ್ಲ ಅಂತ ನಾ ಹನ್ನೆರಡ ವರ್ಷ ತಮ್ಮನ ಜೋಡಿ ಬಡದಾಡೇನಿ. ಪಟಗಾ ಇದಽ ಬೈಲಹೊಂಗಲ ಪ್ಯಾಟ್ಯಾಗ ನಾನ ಆರಿಸಿ ತಂದಿದ್ದೆ. ಕೇಸರಿ ಬಣ್ಣ, ಜರಿ ಅಂಚು. ಬ್ಯಾರೆ ಆಯೇರಿ ಉಡುಗೊರಿಯೊಳಗ ಕಲೀಬಾರದು ಅಂತ ಮೂಲಿಗೆ ಹಸರ ದಾರದ ಗುರ್ತ ಹಾಕಿ, ಇವರ ಕೈಯಾಗ ಕೊಟ್ಟಿದ್ದೆ. ಮೊನ್ನೆ ಮಾಂತೇಶಗ ಫೋನ್ ಮಾಡಿ ಅತ್ತೆ. ಅವ ಅಂದ, ‘ಅಕ್ಕಾ, ಸೀಡ್ಯಾಗ ತೋರಸು. ನನ್ನ ತಲಿ ಮ್ಯಾಲ ಪಟಗಾ ಕಂಡ್ರ ಕಾಲ ಹಿಡದು ಬಾಸಿಂಗ ಕಟ್ಟಾಕ ಬರತೇನಿ. ಕಾಣದಿದ್ರ ನನ್ನ ಹೆಸರ ತಗೀಬ್ಯಾಡ.’ ಹನ್ನೊಂದರ ಬಸ್ಸಿಗೆ ಇಲ್ಲಿಗೆ ಬರಾಕ ಹತ್ತ್ಯಾನ.

ನಾನು ಗಡಿಯಾರ ನೋಡಿದೆ. ಹತ್ತೂ ಇಪ್ಪತ್ತೈದು. ನಿಜಗುಣಪ್ಪನವರೂ ನೋಡಿದರು. ಅವರ ಪಟಗಾದ ಅಂಚಿನಿಂದ ಬೆವರಿನ ಹನಿಯೊಂದು ಕಿವಿಯ ಪಕ್ಕ ಇಳಿಯುತ್ತಿತ್ತು. ಫೆಬ್ರುವರಿಯ ಬೆಳಿಗ್ಗೆ ನಮ್ಮಲ್ಲಿ ಅಷ್ಟು ಸೆಕೆ ಇರುವುದಿಲ್ಲ.

ಡಿಸ್ಕ್ ಒರೆಸಲು ನಾನು ಮೇಜು ಒರೆಸುವ ಬಟ್ಟೆಗೆ ಕೈಹಾಕಿದೆ.

ರಾಚವ್ವ: ಏ ಏ ಏ! ಅದು ವಿಭೂತಿ! ಮೇಜ ಒರಸೂ ಅರಬೀಲೆ ಒರಸತಿಯಾ? ಕೈ ತೊಳಕೊಂಡ ಬಾ ಮದಲ.

ಕೈ ತೊಳೆದುಕೊಂಡು ಬಂದೆ.

ರಾಚವ್ವ: ಜಳಕ ಆಗೇತಿಲ್ಲೋ?

ನಾನು: ಆಗೇತ್ರಿ.

ರಾಚವ್ವ: ಹುಣಸಿಹಣ್ಣು ತಂದೇನಿ, ತಗೋ. ದೀಪದ ಸಮೆ ತಿಕ್ಕಿದಂಗ ತಿಕ್ಕು, ಲಕಾ ಲಕಾ ಅನ್ನತೈತಿ.

ನಾನು: ಹುಣಸಿಹಣ್ಣು ಬ್ಯಾಡ್ರಿ. ತಿಕ್ಕಿದ್ರ ಗೀರು ಬೀಳತಾವ. ಬರೇ ನೀರಿನ್ಯಾಗ ನೆನಸಿ, ಮೆತ್ತನ್ನ ಅರಬೀಲೆ ನಡುವಿನಿಂದ ಹೊರಗ ಸೀದಾ ಒರಸಬೇಕು. ಸುತ್ತ ತಿರವಿ ಒರಸಬಾರದು.

ನಿಜಗುಣಪ್ಪ: ನಾ ಒರಸತೇನಿ ಕೊಡ್ರಿ ಸರ. ನನ್ನ ಕೈ ಗಟ್ಟಿ ಅದಾವ.

ನಾನು: ಗಟ್ಟಿ ಕೈ ಬ್ಯಾಡ್ರಿ ಕಾಕಾರ.

ನಿಜಗುಣಪ್ಪ: ಬಾರುಕೋಲ ಹಿಡದ ಕೈ ಇದು! ನೀವು ಸಾಲಿ ಕಲ್ತಾವ್ರು, ಹೂವಿನಂಗ ಒರಸಿದ್ರ ಹೋಗೂದಿಲ್ಲ. ಒಂದ ಸಲ ಗಸಕ್ಕನ ತಿಕ್ಕಿದ್ರ...

ರಾಚವ್ವ: ನೀವು ಕುಂದರ್ರಿ! ಬೆಳಿಗ್ಗಿಂದ ಬರೂದ ಬ್ಯಾಡ, ಬರೂದ ಬ್ಯಾಡ ಅಂದಾವ್ರು, ಈಗ ತಿಕ್ಕಾಕ ಬಂದ್ರು.

ಒಂದು ಸ್ಟೀಲ್ ತಾಟಿನಲ್ಲಿ ನೀರು ಹಾಕಿ ಡಿಸ್ಕನ್ನು ಮುಳುಗಿಸಿದೆ. ಹನ್ನೆರಡು ವರ್ಷ ಅಂದರೆ ಆರುನೂರ ಇಪ್ಪತ್ತನಾಲ್ಕು ಸೋಮವಾರ. ನೀರು ಮೊದಲು ಬೆಳ್ಳಗಾಯಿತು, ಆಮೇಲೆ ಬೂದುಬಣ್ಣವಾಯಿತು, ಆಮೇಲೆ ಚಹಾದ ಬಣ್ಣಕ್ಕೆ ಬಂತು. ಆ ನೀರನ್ನು ಗಟಾರಕ್ಕೆ ಚೆಲ್ಲುವಂತಿರಲಿಲ್ಲ. ರಾಚವ್ವ ತಾಟು ಹಿಡಿದುಕೊಂಡು ಹೋಗಿ ಹಗ್ಗದಂಗಡಿಯ ಮುಂದಿನ ತುಳಸಿ ಗಿಡಕ್ಕೆ ಹಾಕಿ ಬಂದರು. ಮೂರು ಸಲ ಹೋಗಿ ಬಂದರು. ಪ್ರತಿ ಸಲವೂ ಅವರು ಹೊರಗೆ ಹೋದ ಕೂಡಲೇ ನಿಜಗುಣಪ್ಪ ನನ್ನ ಕಿವಿಯ ಹತ್ತಿರ ಬರುತ್ತಿದ್ದರು.

ನಿಜಗುಣಪ್ಪ: ಸರ, ನಿಮ್ಮೂರ ಯಾವದು?

ನಾನು: ಕಿತ್ತೂರ ಹತ್ರ ದೇಗಾಂವ್ರಿ.

ನಿಜಗುಣಪ್ಪ: ಛಲೋ ಊರು. ಛಲೋ ಮಂದಿ. ನಿಮ್ಮ ಮಶೀನು ಇವತ್ತ ಒಂದ ದಿನ ಕೆಟ್ಟ ನಿಂತ್ರ ನಿಮಗೇನ ಲುಕ್ಸಾನ ಐತಿ?

ನಾನು: ಅದು ಕೆಟ್ಟಿಲ್ಲಲ್ರಿ.

ನಿಜಗುಣಪ್ಪ: ಸಾಲಿ ಕಲ್ತಾವ್ರ ಜೋಡಿ ಇದಽ ತ್ರಾಸು ನೋಡ್ರಿ.

ಒರೆಸಿದ ಮೇಲೆ ಡಿಸ್ಕಿನ ಬೆನ್ನಿನ ಮೇಲೆ ಅಚ್ಚಾಗಿದ್ದ ಅಕ್ಷರ ಕಾಣಿಸಿತು. ಓದಿ ನನಗೆ ಆಶ್ಚರ್ಯವಾಯಿತು. ರಾಚವ್ವ ಖಾಲಿ ತಾಟಿನೊಂದಿಗೆ ಒಳಗೆ ಬಂದರು.

ನಾನು: ಅವ್ವಾರ, ಇದು ಅಳಿಸಿ ಮತ್ತ ಬರಿಯೂ ಜಾತಿ ಡಿಸ್ಕ್ ಐತ್ರಿ.

ರಾಚವ್ವ: ಹಂಗಂದ್ರ?

ನನಗೆ ವಿವರಿಸುವುದು ಅಂದರೆ ಇಷ್ಟ. ಪರೀಕ್ಷೆಯಲ್ಲಿ ಎರಡು ಅಂಕದ ಪ್ರಶ್ನೆಗೂ ಒಂದು ಪುಟ ಬರೆದು ಬಂದವನು ನಾನು.

ನಾನು: ಡಿಸ್ಕಿನ್ಯಾಗ ಎರಡ ಜಾತಿ ಇರತಾವ್ರಿ. ಒಂದು, ಒಮ್ಮೆ ಬರದ್ರ ಮುಗೀತು, ಅಳಸಾಕ ಬರೂದಿಲ್ಲ. ಕೈ ಮ್ಯಾಲಿನ ಹಚ್ಚಿ ಇದ್ದಂಗ. ಇನ್ನೊಂದು, ಬರದದ್ದನ್ನ ಅಳಿಸಿ ಮತ್ತ ಬರೀಬಹುದು. ಸಾಲಿ ಹುಡುಗುರ ಪಾಟಿ ಇದ್ದಂಗ. ಇದು ಪಾಟಿ.

ರಾಚವ್ವ ತಮ್ಮ ಮುಂಗೈಯ ಹಸಿರು ಹಚ್ಚೆಯನ್ನು ಒಮ್ಮೆ, ಡಿಸ್ಕನ್ನು ಒಮ್ಮೆ ನೋಡಿದರು.

ರಾಚವ್ವ: ನನ್ನ ಮಗಳ ಮದವೀನ ಪಾಟಿ ಮ್ಯಾಲ ಬರದ ಕೊಟ್ಟನೇನ ಆ ಶೂಟಿಂಗನಾವ? ಅವನ ಕೈಗೆ ಏನ ಬಂದಿತ್ತು?

ನಾನು: ಬರದ ಬಿಟ್ರ ಅದೂ ಉಳೀತೈತ್ರಿ. ಯಾರರ ಮುದ್ದಾಂ ಅಳಿಸಿದ್ರ ಮಾತ್ರ ಹೋಗತೈತಿ. ಅದನ್ನ ಯಾರೂ ಮುಟ್ಟಿಲ್ಲಲ್ಲ?

ರಾಚವ್ವ: ಜಗಲಿ ಮ್ಯಾಲಿಂದು ಯಾರ ಮುಟ್ಟತಾರ?

ನಿಜಗುಣಪ್ಪ: ನನಗ ಹೊಟ್ಟಿ ಕಡಿಯಾಕ ಹತ್ತೈತಿ.

ಡಿಸ್ಕನ್ನು ಮಶೀನಿಗೆ ಹಾಕಿದೆ. ಅದು ಗುರ್ರ್ ಎಂದು ತಿರುಗಿ, ಎರಡು ಸಲ ಕೆಮ್ಮಿ, ನಾಲಿಗೆ ಹೊರಚಾಚಿ ಡಿಸ್ಕನ್ನು ಹೊರಗಿಟ್ಟಿತು.

ನಿಜಗುಣಪ್ಪ: ಆತು! ವಾಪಸ್ ಕೊಟ್ಟ ಬಿಟ್ತು! ಬರೀರಿ ಸರ, ಕಾಗದ ಬರೀರಿ.

ಮತ್ತೆ ಒರೆಸಿ ಹಾಕಿದೆ. ಮತ್ತೆ ಹೊರಗಿಟ್ಟಿತು. ಮೂರನೆಯ ಸಲ ರಾಚವ್ವ ನನ್ನನ್ನು ಸರಿಸಿ, ಡಿಸ್ಕನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೊತ್ತಿಕೊಂಡರು.

ರಾಚವ್ವ: ಹನ್ನೆರಡ ವರ್ಷ ನಿನ್ನ ಒಂದ ಸೋಮವಾರ ಬಿಟ್ಟಿಲ್ಲ. ಈಗ ನನ್ನ ಮರ್ಯಾದಿ ಉಳಸು.

ಮಶೀನು ಕೆಮ್ಮಲಿಲ್ಲ. ಹಗುರಾಗಿ ತಿರುಗತೊಡಗಿತು. ನಾನು ಓದಿದ್ದೆಲ್ಲ ಪಕ್ಕಕ್ಕಿಟ್ಟು ಒಂದು ಕ್ಷಣ ಕೈಮುಗಿಯಬೇಕು ಅನಿಸಿತು. ಅಷ್ಟರಲ್ಲಿ ಬಾಗಿಲಲ್ಲಿ ನೆರಳು ಬಿತ್ತು. ಬಸ್ಸು ಹತ್ತು ನಿಮಿಷ ಮೊದಲೇ ಬಂದಿತ್ತು. ಐವತ್ತರ ಆಸುಪಾಸಿನ ಎತ್ತರದ ಆಳು, ತಲೆಗೆ ಎಣ್ಣೆ ಹಚ್ಚಿ ನುಣ್ಣಗೆ ಬಾಚಿಕೊಂಡವರು. ಟೊಪ್ಪಿಗೆಯೂ ಇಲ್ಲ, ಪಟಗಾವೂ ಇಲ್ಲ.

ರಾಚವ್ವ: ಬಾರೋ ಮಾಂತೇಶ. ನೀರ ಕುಡೀತಿ?

ಮಾಂತೇಶ: ಮದಲ ಪಟಗಾ, ಆಮ್ಯಾಲ ನೀರು.

ನಿಜಗುಣಪ್ಪ: ಬಾರಪಾ. ಮಳಿ-ಬೆಳಿ ಹೆಂಗ? ತೊರಗಲ್ಲ ಕ್ವಾಟಿ ಹೆಂಗೈತಿ?

ಮಾಂತೇಶ: ಕ್ವಾಟಿ ಅಲ್ಲೇ ಐತಿ ಮಾವ. ಅದಕ್ಕೇನು, ಯಾರೂ ಮರ್ಯಾದಿ ಕಳದಿಲ್ಲ.

ಡಿಸ್ಕಿನಲ್ಲಿ ಒಂದೇ ಒಂದು ವಿಡಿಯೊ ಇತ್ತು. ಹನ್ನೊಂದು ನಿಮಿಷದ್ದು. ಮದುವೆಗೆ ಹನ್ನೊಂದು ನಿಮಿಷ ಕಡಿಮೆ ಅನಿಸಿದರೂ, ಮೂವರೂ ಪರದೆ ನೋಡುತ್ತಿದ್ದುದರಿಂದ ಏನೂ ಹೇಳದೆ ಹಚ್ಚಿದೆ. ಹಲಗೆ ಬಾರಿಸುವ ಸದ್ದು ಕೇಳಿಸಿತು. ಪರದೆಯ ತುಂಬ ಧೂಳು.

ರಾಚವ್ವ: ಹಾಂ, ವಾಲಗ ಸುರು ಆತು. ಅಕ್ಕಿಕಾಳ ಬೀಳೂ ವ್ಯಾಳ್ಯಾ ಇರಬೇಕು.

ಮಾಂತೇಶ: ಮದವ್ಯಾಗ ಇಷ್ಟ ಧೂಳ ಎಲ್ಲಿತ್ತ ಅಕ್ಕಾ?

ರಾಚವ್ವ: ಮಂದಿ ಅಷ್ಟ ಬಂದಿದ್ರೋ. ತಡಿ, ಈಗ ಉಮಾಶ್ರೀ ಬರತಾಳ.

ಧೂಳು ಸರಿಯಿತು. ಪರದೆಯ ನಡುವೆ ಒಂದು ಎತ್ತು ನಿಂತಿತ್ತು. ಬಿಳಿ ಎತ್ತು, ಮುಂಗಾಲು ಮಾತ್ರ ಕಪ್ಪು. ಕೊರಳಲ್ಲಿ ಗೆಜ್ಜೆಸರ. ಅದು ನಮ್ಮನ್ನೇ ನೋಡಿ ಮೂಗು ನೆಕ್ಕಿಕೊಂಡಿತು.

ಎತ್ತು ಇನ್ನೊಮ್ಮೆ ಮೂಗು ನೆಕ್ಕಿಕೊಂಡಿತು.

ಮಾಂತೇಶ: ಅಕ್ಕಾ, ಉಮಾಶ್ರೀ ಇಕಿ ಏನು?

ರಾಚವ್ವ: ಸರ, ಬ್ಯಾರೇದವರದು ಹಚ್ಚೀರಿ.

ನಾನು: ಇಲ್ರಿ ಅವ್ವಾರ. ಇದರಾಗ ಇರೂದು ಇದೊಂದಽ. ಮದವಿ ಅಳಿಸಿ ಇದನ್ನ ಬರದಾರ. ಕಾರಹುಣ್ಣಿಮಿ ಎತ್ತಿನ ಓಟದ್ದು ಕಾಣತೈತಿ.

ರಾಚವ್ವ: ಅಳಿಸ್ಯಾರ? ಯಾರು? ಆ ಎತ್ತು ಯಾರದು... ಏನ್ರಿ! ಅದು ನಮ್ಮ ಸರದಾರ ಅಲ್ಲ?

ನಿಜಗುಣಪ್ಪ: ಹೌದಂತ ಅನಸತೈತಿ.

ರಾಚವ್ವ: ಅದರ ಕೋಡಿಗೆ ಏನ ಕಟ್ಟೀರಿ?

ನಿಜಗುಣಪ್ಪ: ಅರಬಿ.

ರಾಚವ್ವ: ಎಂಥಾ ಅರಬಿ? ಸರ, ನಿಂದರಸು. ದೊಡ್ಡದ ಮಾಡು.

ನಿಲ್ಲಿಸಿ, ದೊಡ್ಡದು ಮಾಡಿದೆ. ಎರಡು ಕೋಡುಗಳ ನಡುವೆ ಕೇಸರಿ ಬಣ್ಣದ ಪಟಗಾ, ಜರಿ ಅಂಚು. ಗಾಳಿಗೆ ಹಾರುತ್ತಿದ್ದ ಅದರ ಮೂಲೆಯಲ್ಲಿ ಹಸಿರು ದಾರದ ಗುರುತು. ಹನ್ನೆರಡು ವರ್ಷ ವಿಭೂತಿಯ ಅಡಿಯಲ್ಲಿದ್ದರೂ ಚಿತ್ರ ಬಹಳ ಸ್ಪಷ್ಟವಾಗಿತ್ತು.

ಮಾಂತೇಶ: ಮಾವ, ನನಗ ಸುತ್ತೇನಿ ಅಂದ್ರಲ್ಲ, ಇದನ್ನ ಏನು?

ನಿಜಗುಣಪ್ಪ ಬಸ್ ನಿಲ್ದಾಣದ ಕಡೆ ನೋಡಿದರು. ಹೋಗಲು ಯಾವ ಬಸ್ಸೂ ಇರಲಿಲ್ಲ. ತಮ್ಮ ತಲೆಯ ಪಟಗಾ ತೆಗೆದು ಮೊಣಕಾಲ ಮೇಲಿಟ್ಟುಕೊಂಡರು.

ನಿಜಗುಣಪ್ಪ: ಮದವಿ ಗದ್ದಲದಾಗ ಮರತೆ. ಖರೇನ ಮರತೆ. ಎರಡ ತಿಂಗಳ ಮ್ಯಾಲ ಪೆಟಿಗಿ ತಳದಾಗ ಸಿಕ್ತು. ತೊರಗಲ್ಲಿಗೆ ತಂದ ಕೊಟ್ರ ಮರತದ್ದು ಒಪಗೊಂಡಂಗ. ಮನ್ಯಾಗ ಇಟ್ರ ಇಕಿ ಕಣ್ಣಿಗೆ ಬೀಳತೈತಿ. ಅಷ್ಟರಾಗ ಕಾರಹುಣ್ಣಿಮಿ ಬಂತು. ಇಕಿ ಮಗಳ ಊರಿಗೆ ಹೋಗಿದ್ಲು. ಎತ್ತಿನ ಕೋಡಿಗೆ ಸುತ್ತಿ ಬಿಟ್ಟೆ.

ರಾಚವ್ವ: ಆಮ್ಯಾಲ ಎಲ್ಲಿ ಹೋತದು?

ನಿಜಗುಣಪ್ಪ: ಹಲಗಿ ಬಾರಿಸಿದ ಹಣಮಂತಪ್ಪಗ ಕೊಟ್ಟೆ.

ಮಾಂತೇಶ: ಎತ್ತಿನ ತಲಿಗೂ ಆತು, ಹಲಗ್ಯಾವನ ತಲಿಗೂ ಆತು. ಇಡೀ ದೊಡವಾಡದಾಗ ನಂದೊಂದ ತಲಿ ಉಳೀತು.

ರಾಚವ್ವ: ಸೀಡಿ? ಜಗಲಿ ಮ್ಯಾಲಿಂದು ಯಾರ ತಗದ್ರು?

ನಿಜಗುಣಪ್ಪ: ಆ ಶೂಟಿಂಗನಾವ ಎತ್ತಿನ ಓಟದ ವಿಡಿಯೊ ತಗದ. ಹಾಕಿ ಕೊಡಾಕ ಸೀಡಿ ತರ್ರಿ ಅಂದ. ಮನ್ಯಾಗ ಇದ್ದದ್ದು ಅದೊಂದು. ಒಯ್ದೆ. ‘ಮದವಿ ಐತಿ, ಅದರ ಹಿಂದ ಇದನ್ನ ಹಾಕು’ ಅಂತ ಹೇಳೇನಿ, ಆಣಿ ಮಾಡಿ ಹೇಳತೇನಿ. ಮದವಿ ಒರಸಿ ಹಾಕ್ಯಾನ ಅಂತ ನನಗೂ ಇವತ್ತ ಗೊತ್ತಾತು. ತಂದು ಇದ್ದಲ್ಲೇ ಇಟ್ಟೆ. ನೀ ಬಂದು ಸೋಮವಾರ ವಿಭೂತಿ ಹಚ್ಚಿದಿ.

ರಾಚವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಮಾಂತೇಶ ಎದ್ದರು.

ಮಾಂತೇಶ: ನಾ ಬರತೇನ ಅಕ್ಕಾ. ಸಂಜುಗ ನನ್ನ ಆಶೀರ್ವಾದ ಐತಿ. ಬಾಸಿಂಗ ಬ್ಯಾರೆಯಾರ ಕಡಿಂದರ ಕಟ್ಟಸ್ರಿ. ಇಲ್ಲಂದ್ರ ಆ ಹಣಮಂತಪ್ಪನ ಕರೀರಿ. ಪಟಗಾ ಅವನ ಹತ್ರನ ಐತಿ.

ರಾಚವ್ವ: ಮಾಂತ್ಯಾ, ನನ್ನ ಮಾರಿ ನೋಡಿ ನಿಂದರೋ!

ಮಾಂತೇಶ ನಿಲ್ಲಲಿಲ್ಲ. ಎರಡು ಮೆಟ್ಟಿಲು ಇಳಿದೇಬಿಟ್ಟರು. ನನಗೆ ಏನು ಮಾಡಬೇಕೋ ತಿಳಿಯಲಿಲ್ಲ. ಕೈಗೆ ಒಂದು ಕೆಲಸ ಇರಲಿ ಎಂದು, ನಿಲ್ಲಿಸಿದ್ದ ವಿಡಿಯೊವನ್ನು ಮತ್ತೆ ಬಿಟ್ಟೆ. ಹಲಗೆಯ ಸದ್ದು ಏರಿತು. ಎತ್ತುಗಳು ಓಡಿದವು. ಮಂದಿ ಒಮ್ಮೆಲೇ ‘ಹರೀತೋ! ಕರಿ ಹರೀತೋ!’ ಎಂದು ಕೂಗಿದರು. ಕಾರಹುಣ್ಣಿಮೆಯ ದಿನ ಊರ ಅಗಸಿ ಬಾಗಿಲಿಗೆ ಅಡ್ಡ ಕಟ್ಟಿದ ಕರಿಯ ಹಗ್ಗವನ್ನು ಯಾವ ಎತ್ತು ಹರಿಯಿತು ಎಂದು ಕೇಳದೆ ಮುಂದೆ ಹೋಗುವ ರೈತ ನಮ್ಮ ಕಡೆ ಇನ್ನೂ ಹುಟ್ಟಿಲ್ಲ. ಮಾಂತೇಶ ಮೂರನೆಯ ಮೆಟ್ಟಿಲ ಮೇಲೆ ನಿಂತರು.

ಮಾಂತೇಶ: ಯಾವದ ಹರೀತ್ರಿ?

ನಾನು: ಇದಽ ಹರೀತ್ರಿ. ಪಟಗಾ ಸುತ್ತಿದ್ದು.

ಮಾಂತೇಶ ಮೆಟ್ಟಿಲ ಮೇಲಿಂದಲೇ ಕತ್ತು ಚಾಚಿದರು. ಆಮೇಲೆ ಒಳಗೆ ಬಂದರು. ಆಮೇಲೆ ಪರದೆಗೆ ಮೂಗು ತಾಗುವಷ್ಟು ಬಗ್ಗಿದರು.

ಮಾಂತೇಶ: ಮುಂಗಾಲ ಕರೇವು. ಬಲಗಿವಿ ತುದಿ ಸೀಳೈತಿ. ಅಕ್ಕಾ, ಇದು ನಾ ಕೊಟ್ಟ ಕರಾ ಅಲ್ಲೇನು?

ರಾಚವ್ವ: ಮತ್ತ್ಯಾವದೋ! ಪಂಚಮಿಗೆ ನಾ ತವರಿಗೆ ಬಂದಾಗ ‘ಅಕ್ಕಾ, ಬರೇ ಉಂಡಿ ಏನ ಒಯ್ಯತಿ, ಇದನ್ನ ಹೊಡಕೊಂಡ ಹೋಗು’ ಅಂತ ಹೋರಿಗರಾ ಕೊಟ್ಟಿದ್ದಿಯಲ್ಲ, ಅದಽ ಇದು. ನಮ್ಮ ಸರದಾರ. ನಾಕ ವರ್ಷ ಆತು ತೀರಿಕೊಂಡು.

ಮಾಂತೇಶ: ನಮ್ಮ ಕೊಟ್ಟಗಿ ಕರಾ ದೊಡವಾಡದಾಗ ಕರಿ ಹರದೈತಿ! ನನಗ ಒಬ್ಬರೂ ಹೇಳಲಿಲ್ಲ!

ನಿಜಗುಣಪ್ಪ: ಹೇಳಾಕ ನೀ ಫೋನ್ ಎತ್ತಬೇಕಲ್ಲೋ.

ಮಾಂತೇಶ: ಮಾವ, ನೀವು ಸುಮ್ಮನಿರ್ರಿ. ಸರ, ಇನ್ನೊಮ್ಮಿ ಹಚ್ಚರಿ.

ಇನ್ನೊಮ್ಮೆ ಹಚ್ಚಿದೆ. ಎಲ್ಲ ಸೇರಿ ಏಳು ಸಲ ಹಚ್ಚಿದೆ. ನಾಲ್ಕನೆಯ ಸಲಕ್ಕೆ ಚಹಾದಂಗಡಿಯವರೂ ಹಗ್ಗದಂಗಡಿಯವರೂ ಬಂದು ನಿಂತರು. ಐದನೆಯ ಸಲ ಸರದಾರ ಕರಿ ಹರಿಯುವಾಗ ಎಲ್ಲರೂ ಕೂಡಿ ಕೂಗಿದೆವು. ಮುಂದೆ ಏನಾಗುತ್ತದೆಂದು ಎಲ್ಲರಿಗೂ ಗೊತ್ತಿತ್ತು, ಆದರೂ ಕೂಗಿದೆವು. ಏಳನೆಯ ಸಲ ಮುಗಿದ ಮೇಲೆ ಮಾಂತೇಶ ಬೆಂಚಿನ ಮೇಲೆ ಕುಳಿತು ನೀರು ಕೇಳಿದರು.

ಮಾಂತೇಶ: ಒಂದ ಮಾತ ಹೇಳತೇನಿ ಅಕ್ಕಾ. ತೊರಗಲ್ಲ ತಲಿಗೆ ಪಟಗಾ ಸುತ್ತ್ಯಾರ, ಅಷ್ಟಂತೂ ಖರೆ. ಹಸರ ದಾರದ ಗುರ್ತೂ ಕಣ್ಣಿಗೆ ಕಂಡೆ. ಯಾವ ತಲಿ ಅಂತ ನಾ ಫೋನಿನ್ಯಾಗ ಬಿಡಿಸಿ ಹೇಳಿದ್ದಿಲ್ಲ.

ರಾಚವ್ವ: ‘ನನ್ನ ತಲಿ’ ಅಂದಿದ್ದಿ.

ಮಾಂತೇಶ: ನೀ ಯಾರ ಪರವಾಗಿ ಮಾತಾಡಾಕ ಹತ್ತೀ? ಬರತೇನಿ ಅನ್ನಾಕ ಹತ್ತೇನಿ, ಬ್ಯಾಡೇನು?

ರಾಚವ್ವ: ಬಾರೋ ಯಪ್ಪಾ, ಬಾ! ಎರಡ ಪಟಗಾ ಸುತ್ತಸತೇನಿ, ಒಂದರ ಮ್ಯಾಲೊಂದು!

ಮಾಂತೇಶ: ಆ ಸೀಡಿ ಮಾತ್ರ ನನಗ ಬೇಕು. ಊರಾಗ ನಕ್ಕವರಿಗೆಲ್ಲ ತೋರಸಬೇಕು.

ರಾಚವ್ವ: ಅದನ್ನ ಕೊಡೂದಿಲ್ಲ. ಅದು ಜಗಲಿ ಮ್ಯಾಲಿಂದು.

ನಿಜಗುಣಪ್ಪ: ಏ, ಈಗ ಅದರಾಗ ಮದವಿ ಇಲ್ಲಲ್ಲ. ಇನ್ನೂ ಯಾಕ ಪೂಜಿ ಮಾಡತಿ?

ರಾಚವ್ವ: ನೀವು ಮಾತಾಡಬ್ಯಾಡ್ರಿ. ಮದವಿ ಅನಕೊಂಡ ಹಚ್ಚಿದೆ, ಬಸವಣ್ಣಗ ಮುಟ್ಟಿತು. ನನ್ನ ವಿಭೂತಿ ಹಾಳಾಗಿಲ್ಲ. ಸುಳ್ಳ ಹೇಳಿದಾವ್ರ ಬಾಯಿ ಹಾಳಾಗೇತಿ.

ಮಾಂತೇಶರಿಗೆ ಪ್ರತಿ ಮಾಡಿಕೊಡಲು ನಾನು ಹೊಸ ಡಿಸ್ಕ್ ತೆಗೆದೆ. ರಾಚವ್ವ ನನ್ನ ಕೈ ಹಿಡಿದರು.

ರಾಚವ್ವ: ಇದು ಹಚ್ಚಿಯೋ ಪಾಟಿಯೋ?

ನಾನು: ಹಚ್ಚಿ ಅವ್ವಾರ. ಅಳಸಾಕ ಬರೂದಿಲ್ಲ.

ರಾಚವ್ವ: ಹಾಂ. ನಮ್ಮ ಮನ್ಯಾಗ ಒಬ್ಬರು ಇದ್ದಾರ, ಪಾಟಿ ಕಂಡ್ರ ಕೈ ಸುಮ್ಮನಿರೂದಿಲ್ಲ.

ನಿಜಗುಣಪ್ಪ: ಆತು, ತಪ್ಪಾತು. ಇನ್ನೇನ ಮಾಡಬೇಕ ಹೇಳು.

ರಾಚವ್ವ ಎದ್ದು, ಖಣದ ಬಟ್ಟೆಯಲ್ಲಿ ಡಿಸ್ಕನ್ನು ಮತ್ತೆ ಗಂಟು ಕಟ್ಟಿದರು.

ರಾಚವ್ವ: ಏನಿಲ್ರಿ. ನನ್ನ ತಮ್ಮಗ ಕಟ್ಟೂದನ್ನ ಎತ್ತಿಗೆ ಕಟ್ಟಿದ್ರಿ. ಎತ್ತಿನ ಗೆಜ್ಜಿಸರ ಇನ್ನೂ ಮನ್ಯಾಗ ಐತಿ. ಸಂಜುನ ಮದವ್ಯಾಗ ಅದನ್ನ ನೀವು ಕಟಗೋರಿ. ಲೆಕ್ಕ ಸಮಾ ಆಗತೈತಿ.

ಮೂವರೂ ಒಟ್ಟಿಗೆ ಮೆಟ್ಟಿಲಿಳಿದು ದೊಡವಾಡದ ಬಸ್ಸಿನ ಕಡೆ ನಡೆದರು. ನಡೆಯುವಾಗಲೂ ಜಗಳ ನಡೆದೇ ಇತ್ತು. ಈಗಿನದು ಸರದಾರನ ಕಿವಿ ಸೀಳಿದ್ದು ತೊರಗಲ್ಲಿನ ಮುಳ್ಳಿನಿಂದಲೋ ದೊಡವಾಡದ ತಂತಿಯಿಂದಲೋ ಎಂಬುದರ ಬಗ್ಗೆ.

ಮದುವೆಗೆ ನನ್ನನ್ನೂ ಕರೆದಿದ್ದರು, ಹೋಗಿದ್ದೆ. ಮಾಂತೇಶರ ತಲೆಯ ಮೇಲೆ ನಿಜವಾಗಿಯೂ ಎರಡು ಪಟಗಾ ಇದ್ದವು. ಬಾಸಿಂಗ ಕಟ್ಟಲು ಬಗ್ಗಿದಾಗಲೆಲ್ಲ ಮೇಲಿನದು ಮದುಮಗನ ಕಣ್ಣಿನ ಮೇಲೆ ಜಾರುತ್ತಿತ್ತು. ನಿಜಗುಣಪ್ಪ ಗೆಜ್ಜೆಸರ ಕೊರಳಿಗೆ ಕಟ್ಟಿಕೊಂಡಿರಲಿಲ್ಲ, ಬೀಗರು ಬೇಡ ಅಂದರಂತೆ. ಅಂಗಿಯ ಜೇಬಿನಲ್ಲಿ ಇಟ್ಟುಕೊಂಡಿದ್ದರು. ಊಟದ ಪಂಕ್ತಿಯಲ್ಲಿ ಅವರು ಎಲ್ಲಿದ್ದಾರೆಂದು ನೋಡದೆಯೇ ತಿಳಿಯುತ್ತಿತ್ತು.

ನಾನು ಈಗಲೂ ಅದೇ ಅಂಗಡಿಯಲ್ಲಿದ್ದೇನೆ. ಡಿಸ್ಕ್ ಕೇಳಿಕೊಂಡು ಬರುವವರು ತಿಂಗಳಿಗೆ ಇಬ್ಬರೋ ಮೂವರೋ. ಬರೆದು ಕೊಡುವ ಮೊದಲು ಅದರ ಬೆನ್ನಿನ ಮೇಲೆ ಕಪ್ಪು ಮಾರ್ಕರಿನಿಂದ, ಒಬ್ಬರನ್ನೂ ಬಿಡದೆ, ಒಂದು ಸಾಲು ಬರೆಯುತ್ತೇನೆ: ‘ವಿಭೂತಿ ಈ ಕಡೆ ಹಚ್ಚಿರಿ.’